ಬಿರುಕು ಬಿಟ್ಟ ಎರಿಯೊಳಗೆ ಬದುಕಿರುವವರು

ಹುಬ್ಬಳ್ಳಿ ಬಿಟ್ಟು ಕುಸುಗಲ್ ದಾಟುತ್ತಿದ್ದಂತೆ ಮರಗಳು ವಿರಳವಾಗುತ್ತವೆ. ಹೆಬಸೂರಿನಾಚೆಗಂತೂ ರಸ್ತೆಯ ಎರಡೂ ಬದಿಗೆ ಎರಿಯೇ ಎರಿ, ಕಪ್ಪು ಮಣ್ಣಿನ ನೆಲ. ಮೇ ತಿಂಗಳ ಕೊನೆ. ಕೃತ್ತಿಕಾ ಮಳೆ ಕೈಕೊಟ್ಟಿತ್ತು, ರೋಹಿಣಿ ಇನ್ನೂ ಮುಖ ತೋರಿಸಿರಲಿಲ್ಲ. ಹಿಂಗಾರಿಯ ಕಡಲಿ, ಜೋಳ ಮನೆ ಸೇರಿ ತಿಂಗಳುಗಳೇ ಕಳೆದಿದ್ದ ಹೊಲಗಳು ಕಣ್ಣು ಹಾಯುವಷ್ಟು ದೂರ ಕರ್ರಗೆ ಬಿದ್ದಿದ್ದವು. ಬಸ್ಸಿನ ಕಿಟಕಿಯಿಂದ ನುಗ್ಗುವ ಗಾಳಿ ಮುಖ ಸುಡುತ್ತಿತ್ತು. ಈ ನೆಲವನ್ನು ಇದೇ ಸ್ಥಿತಿಯಲ್ಲಿ ನೋಡಬೇಕೆಂದೇ ನಾನು ಹೊರಟಿದ್ದೆ. ಹಸಿವು, ಬಿಸಿಲು, ಬರಗಳ ನಡುವೆ ಬ್ಯಾಕ್ಟೀರಿಯಾಗಳು ಹೇಗೆ ಜೀವ ಹಿಡಿದುಕೊಂಡಿರುತ್ತವೆ ಎಂಬುದನ್ನು ಪುಸ್ತಕಗಳಲ್ಲಿ ಓದುತ್ತ ಬಂದಿದ್ದ ನನಗೆ, ಅವು ನಿಜವಾಗಿ ಆ ಕಷ್ಟ ಅನುಭವಿಸುವ ಜಾಗದಲ್ಲಿ ಒಮ್ಮೆ ನಿಲ್ಲಬೇಕು ಅನ್ನಿಸಿತ್ತು. ಹಾಗೆ ಆರಿಸಿಕೊಂಡ ಊರು ನವಲಗುಂದ ತಾಲ್ಲೂಕಿನ ಯಮನೂರು.

ಯಮನೂರೆಂದರೆ ಈ ಸೀಮೆಯವರಿಗೆ ಮೊದಲು ನೆನಪಾಗುವುದು ರಾಜಾಬಾಗಸವಾರ ದರ್ಗಾ. ಹುಲಿಯ ಮೇಲೆ ಸವಾರಿ ಮಾಡಿದ ಸಂತ ಎಂದು ಮುಸಲ್ಮಾನರು ನಡೆದುಕೊಳ್ಳುವ ಈತನನ್ನೇ ಹಿಂದೂಗಳು ಚಾಂಗದೇವರೆಂದು ಪೂಜಿಸುತ್ತಾರೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಅವರದು. ಹಳ್ಳದ ನೀರು ಹಾಕಿ ದೀಪ ಹಚ್ಚುವ ಇಲ್ಲಿಯ ಆಚರಣೆಯನ್ನು ನೋಡಲು ಸಾವಿರಾರು ಕಣ್ಣುಗಳು ಕಾದಿರುತ್ತವೆ. ನೀರಿಗಾಗಿ ಇಷ್ಟು ಹಂಬಲಿಸುವ ಊರಿನಲ್ಲಿ ದೀಪಕ್ಕೂ ನೀರೇ ಬೇಕೆಂದರೆ ಆಶ್ಚರ್ಯವೇನು! 2016ರ ಜುಲೈನಲ್ಲಿ ಮಹಾದಾಯಿ ನೀರಿಗಾಗಿ ಈ ಭಾಗದ ರೈತರು ಬೀದಿಗಿಳಿದಾಗ ಯಮನೂರಿನ ಹೆಸರು ನಾಡಿಗೆಲ್ಲ ಗೊತ್ತಾಯಿತು. ಆಗ ಪೊಲೀಸರ ಲಾಠಿ ಏಟು ತಿಂದವರು ಇಂದಿಗೂ ಈ ಓಣಿಗಳಲ್ಲಿದ್ದಾರೆ.

ದರ್ಗಾಕ್ಕೆ ಕೈಮುಗಿದು ಹಳ್ಳದ ಕಡೆ ನಡೆದೆ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಬಳಿ ಹುಟ್ಟುವ ಬೆಣ್ಣಿಹಳ್ಳ ಧಾರವಾಡ ಜಿಲ್ಲೆಯ ಎರಿಯನ್ನು ಸೀಳಿಕೊಂಡು ಹೋಗಿ ಮಲಪ್ರಭೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ದಂಡೆ ಮೀರಿ ಹೊಲ, ಊರುಗಳಿಗೆ ನುಗ್ಗುವ ಇದೇ ಹಳ್ಳ ಆ ದಿನ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತ್ತು. ನೀರು ಹಿಂದೆ ಸರಿದ ಜಾಗದಲ್ಲಿ ಕೆಸರು ಒಣಗಿ, ಹೆಕ್ಕಳೆದ್ದು, ಅಂಚುಗಳು ಮೇಲಕ್ಕೆ ಸುರುಳಿಯಾಗಿದ್ದವು. ಒಂದು ಹೆಕ್ಕಳೆ ಎತ್ತಿ ಮುರಿದೆ. ಮೇಲೆ ಬೂದು, ಕೆಳಗೆ ಕಡುಗಪ್ಪು, ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಹಸಿರು ಗೆರೆ. ಸೂರ್ಯನ ಬೆಳಕಿನಲ್ಲಿ ಅನ್ನ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾಗಳು ನೀರು ಆರಿದ ಮೇಲೂ ತಮ್ಮದೇ ಅಂಟಿನೊಳಗೆ ಮುದುಡಿಕೊಂಡು ಹೀಗೆ ಪದರವಾಗಿ ಉಳಿಯುತ್ತವೆ. ಅಂಗೈ ಮೇಲಿನ ಆ ಗೆರೆಯನ್ನು ಬಹಳ ಹೊತ್ತು ನೋಡುತ್ತ ನಿಂತೆ.

ಹಳ್ಳದಾಚೆಯ ಹೊಲದಲ್ಲಿ ಕುಂಟಿಯ ಹಗ್ಗ ಸರಿಮಾಡುತ್ತ ಕೂತಿದ್ದ ಅಜ್ಜನೊಬ್ಬರು ಕರೆದರು. "ಬಿಸಲಾಗ ಏನ್ ಹುಡುಕಾಕತ್ತೀರಿ?"

"ಮಣ್ಣಾಗಿನ ಜೀವ ನೋಡಾಕ ಬಂದೇನ್ರಿ ಅಜ್ಜಾರ."

ಅವರು ನಗಲಿಲ್ಲ. ಎದ್ದು ಬಂದು ಒಂದು ಬಿರುಕಿನ ಮುಂದೆ ನಿಲ್ಲಿಸಿದರು. "ಕೈ ಹಾಕಿ ನೋಡ್ರಿ." ಮೊಣಕೈವರೆಗೂ ಹೋಯಿತು, ತಳ ಸಿಗಲಿಲ್ಲ. ಬಾರುಕೋಲನ್ನೇ ಇಳಿಬಿಟ್ಟು ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಒಳಗಿಳಿಯಿತು. ಮೇಲಿನ ಮಣ್ಣು ಮುಟ್ಟಿದರೆ ಚುರುಕ್ಕೆನ್ನುವಷ್ಟು ಬಿಸಿ. ಬಿರುಕಿನ ಒಳಗೋಡೆ ತಣ್ಣಗಿತ್ತು. ಎರಿ ಮಣ್ಣಿನ ಜಿಗುಟು ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಒಂದು ಮೀಟರಿನಷ್ಟು ಆಳದ ಬಿರುಕುಗಳೂ ಏಳುತ್ತವೆ. ಮೇಲಿನ ಪುಡಿಮಣ್ಣು ಅದರೊಳಗೆ ಸುರಿಯುತ್ತದೆ. ವರ್ಷವರ್ಷವೂ ಹೀಗೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಆ ಪುಡಿಯ ಜೊತೆ ಮೇಲಿನ ಜೀವಗಳೂ ಬಿಸಿಲಿನ ಕೈಗೆ ಸಿಗದಷ್ಟು ಕೆಳಗೆ ಇಳಿಯುತ್ತವೆ.

ಒಂದು ಹೆಂಟೆ ತೆಗೆದು ಹಿಚುಕಿದೆ. ಕಲ್ಲಿನಷ್ಟು ಗಟ್ಟಿ. ಸಾಮಾನ್ಯ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ಯಾವ ಹೊತ್ತಿನಲ್ಲಿ ನೋಡಿದರೂ ಬೆಳೆಯುತ್ತಿರುವುದಿಲ್ಲ, ಒಡೆದು ಎರಡಾಗುತ್ತಿರುವುದಿಲ್ಲ. ಕೆಲಸ ನಿಲ್ಲಿಸಿ ಕಾಯುತ್ತಿರುತ್ತವೆ. ಪ್ರಯೋಗಾಲಯದ ಗಂಜಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾದ ಕಥೆಯನ್ನೇ ಶಾಲೆಯಲ್ಲಿ ಕಲಿತವರು ನಾವು. ಆದರೆ ಭೂಮಿಯ ಮೇಲೆ ಬ್ಯಾಕ್ಟೀರಿಯಾದ ನಿತ್ಯದ ಬದುಕು ಹಸಿವಿನದು. ಹೊಟ್ಟೆ ತುಂಬುವ ದಿನ ಅಪರೂಪ. ಮುನ್ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಈ ಜೀವಕುಲ ಉಳಿದು ಬಂದಿದ್ದರೆ, ಯಾವಾಗ ನಿಲ್ಲಬೇಕು ಮತ್ತು ಹೇಗೆ ನಿಲ್ಲಬೇಕು ಎಂಬುದನ್ನು ಅದು ಅರಿತದ್ದೇ ಮುಖ್ಯ ಕಾರಣ ಎಂದು ಆ ಹೊಲದಲ್ಲಿ ನಿಂತಾಗ ನನಗೆ ಖಚಿತವಾಯಿತು.

ನಿಲ್ಲುವ ಕಲೆಯಲ್ಲಿ ಎಲ್ಲರಿಗಿಂತ ಮುಂದಿರುವುದು ಬ್ಯಾಸಿಲಸ್ ಕುಲ. ಆಹಾರ ಮುಗಿಯತೊಡಗಿದೊಡನೆ ಅದು ನಿದ್ದೆಗೆ ಜಾರುವುದಿಲ್ಲ. ಮೊದಲು ಈಜಿ ಬೇರೆ ಕಡೆ ಹೋಗಲು ನೋಡುತ್ತದೆ. ಸುತ್ತಲ ಸತ್ತ ವಸ್ತುವನ್ನು ಕರಗಿಸುವ ಕಿಣ್ವಗಳನ್ನು ಹೊರಚೆಲ್ಲುತ್ತದೆ. ಇಷ್ಟರಲ್ಲೂ ಆಗದಿದ್ದರೆ ತನ್ನ ಪಕ್ಕದ ಒಡಹುಟ್ಟಿದವರನ್ನೇ ಕೊಂದು ತಿನ್ನುತ್ತದೆ. 2003ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಲೋಸಿಕ್ ಅವರ ತಂಡ ಇದನ್ನು ಕಂಡುಕೊಂಡಿತು. ಯಾವ ದಾರಿಯೂ ಉಳಿಯಲಿಲ್ಲವೆಂದಾಗ ಮಾತ್ರ ಕೊನೆಯ ತೀರ್ಮಾನ. ಕೋಶ ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಂಡು, ಒಂದು ತುದಿಗೆ ಅಡ್ಡಗೋಡೆ ಕಟ್ಟುತ್ತದೆ. ಒಂದು ಚಿಕ್ಕ ಕೋಣೆ, ಒಂದು ದೊಡ್ಡ ಕೋಣೆ. ದೊಡ್ಡದು ತಾಯಿ. ಅವಳು ಚಿಕ್ಕದನ್ನು ಸುತ್ತುವರಿದು ತನ್ನೊಡಲೊಳಗೆ ತೆಗೆದುಕೊಳ್ಳುತ್ತಾಳೆ. ಅದರ ಸುತ್ತ ದಪ್ಪ ಗೋಡೆ, ಗೋಡೆಯ ಮೇಲೆ ಪ್ರೋಟೀನಿನ ಪದರದ ಮೇಲೆ ಪದರ ಹೊದಿಸುತ್ತಾಳೆ. ಒಳಗಿನ ನೀರನ್ನು ಹಿಂಡಿ ತೆಗೆದು ಆ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ತುಂಬುತ್ತಾಳೆ. ಡಿಎನ್‌ಎಯ ಎಳೆಗೆ ಪುಟ್ಟ ಪ್ರೋಟೀನುಗಳು ಅಂಟಿಕೊಂಡು ಬಿಸಿಲಿನ ನೇರಳಾತೀತ ಕಿರಣದಿಂದ ಕಾಯುತ್ತವೆ. ಏಳೆಂಟು ಗಂಟೆಗಳ ಈ ಕೆಲಸ ಮುಗಿದಾಗ ತಾಯಿ ಒಡೆದು ಹೋಗುತ್ತಾಳೆ. ಉಳಿಯುವುದು ಬೀಜಕ.

ಈ ಭಾಗದ ಹಳೆಯ ಮನೆಗಳ ಮುಂದೆ ಹಗೇವು ಇರುತ್ತಿದ್ದವು. ಸುಗ್ಗಿಯ ಜೋಳವನ್ನು ನೆಲದೊಳಗಿನ ಆ ಕುಳಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಬರ ಬಂದಾಗ ತೆಗೆಯುತ್ತಿದ್ದರು. ಬೀಜಕವೂ ಒಂದು ಹಗೇವೇ; ಅದರಲ್ಲಿಟ್ಟಿರುವುದು ಮಾತ್ರ ಕಾಳಲ್ಲ, ಕುಲವನ್ನೇ ಮತ್ತೆ ಕಟ್ಟುವ ಸಾಮಗ್ರಿ. ಉಸಿರಿಲ್ಲ, ಊಟವಿಲ್ಲ, ಚಲನೆಯಿಲ್ಲ. ಕುದಿಯುವ ನೀರಿಗೂ ಅದು ಬೇಗ ಜಗ್ಗುವುದಿಲ್ಲ. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗಿ ಬಂದದ್ದು ಮುಖ್ಯವಾಗಿ ಈ ಬೀಜಕಗಳಿಂದಲೇ. 1876ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಹುಲ್ಲಿನ ಕಷಾಯದ ಬ್ಯಾಸಿಲಸ್‌ನಲ್ಲಿ, ಅದೇ ವರ್ಷ ರಾಬರ್ಟ್ ಕಾಖ್ ದನಗಳನ್ನು ಕೊಲ್ಲುವ ಆಂಥ್ರಾಕ್ಸ್‌ನಲ್ಲಿ ಬೀಜಕಗಳನ್ನು ವಿವರಿಸಿದರು. ದನ ಸತ್ತ ಹುಲ್ಲುಗಾವಲಿನಲ್ಲಿ ವರ್ಷಗಳ ಮೇಲೆ ಮತ್ತೆ ಅದೇ ರೋಗ ಏಕೆ ಏಳುತ್ತದೆ ಎಂಬ ಒಗಟು ಅಂದು ಬಿಚ್ಚಿಕೊಂಡಿತು. ಬೀಜಕ ಎಷ್ಟು ಕಾಲ ತಾಳಬಲ್ಲದು? ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಒಂದು ಪ್ರಯೋಗ ಶುರುವಾಗಿದೆ. ಒಣಗಿಸಿದ ಬ್ಯಾಸಿಲಸ್ ಬೀಜಕಗಳನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿಟ್ಟಿದ್ದಾರೆ. ಕಾಲಕಾಲಕ್ಕೆ ಕೆಲವನ್ನು ತೆರೆದು ನೋಡುತ್ತಾರೆ. ಕೊನೆಯವನ್ನು ತೆರೆಯಬೇಕಾದದ್ದು 2514ರಲ್ಲಿ. ಐದು ನೂರು ವರ್ಷದ ಪ್ರಯೋಗ! ಶುರು ಮಾಡಿದವರ ಮೊಮ್ಮಕ್ಕಳ ಮೊಮ್ಮಕ್ಕಳೂ ಅದರ ಕೊನೆ ಕಾಣಲಾರರು.

ಅಜ್ಜನಿಗೆ ಇಷ್ಟನ್ನೂ ನನಗೆ ಬಂದ ಹಾಗೆ ಹೇಳಿದೆ. ಗಮನವಿಟ್ಟು ಕೇಳಿದರು. "ಆತ್ರಿ, ಹಂಗಾದ್ರ ನಮ್ಮ ಹೆಸರಿನ ಬೇರಾಗ ಗಂಟ ಕಟ್ಟೂವೂ ಹಿಂಗ ಬೀಜ ಆಗಿ ಕುಂದರತಾವೇನ್ರಿ?" ಎಂದು ಕೇಳಿದರು.

ಎಂಥ ಪ್ರಶ್ನೆ! ಹೆಸರು, ಕಡಲಿಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ರೈಜೋಬಿಯಂ ಬಳಗಕ್ಕೆ ಬೀಜಕ ಮಾಡುವ ವಿದ್ಯೆ ಬಾರದು. ಅವು ಈ ಬೇಸಿಗೆಯನ್ನು ಬರಿಗೈಯಲ್ಲಿ ಎದುರಿಸಬೇಕು. ಹಾಗಿದ್ದೂ ಉಳಿಯುತ್ತವೆ. ಒಣಗುತ್ತ ಹೋದ ಹಾಗೆ ಟ್ರಿಹೆಲೋಸ್ ಎಂಬ ಸಕ್ಕರೆಯನ್ನು ಒಳಗೆ ಕೂಡಿಡುತ್ತವೆ. ನೀರು ಹೋದ ಜಾಗದಲ್ಲಿ ಆ ಸಕ್ಕರೆ ನಿಂತು ಪ್ರೋಟೀನು, ಪೊರೆಗಳು ಮುರಿಯದಂತೆ ಹಿಡಿದುಕೊಳ್ಳುತ್ತದೆ. ಹೊರಗೆ ಲೋಳೆಯ ಹೊದಿಕೆ ಹೊದೆಯುತ್ತವೆ. ಇವೆಲ್ಲಕ್ಕಿಂತ ಮೊದಲು, ಒಳಗೆ ಒಂದು ಆಜ್ಞೆ ಹೊರಡುತ್ತದೆ: ಬೆಳೆಯುವುದು ಸಾಕು.

ಆ ಆಜ್ಞೆಯ ರಾಸಾಯನಿಕ ಮೊದಲು ಕಂಡದ್ದು 1969ರಲ್ಲಿ. ಅಮೆರಿಕದ ಮೈಕಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್, ಹಸಿದ ಇ. ಕೋಲೈ ಬ್ಯಾಕ್ಟೀರಿಯಾದ ಸಾರವನ್ನು ಪರೀಕ್ಷಿಸುವಾಗ ಇರಬಾರದ ಜಾಗದಲ್ಲಿ ಚುಕ್ಕೆಗಳು ಮೂಡಿದವು. ಮ್ಯಾಜಿಕ್ ಸ್ಪಾಟ್ ಎಂದೇ ಅವಕ್ಕೆ ಹೆಸರಾಯಿತು. ಪಿಪಿಜಿಪಿಪಿ ಎಂಬ ಪುಟ್ಟ ಅಣು ಅದು. ಪ್ರೋಟೀನು ಕಟ್ಟುವ ರೈಬೋಸೋಮಿಗೆ ಅಮೈನೋ ಆಮ್ಲವಿಲ್ಲದ ಬರಿಗೈ ಟಿಆರ್‌ಎನ್‌ಎ ಬಂದು ಕೂತರೆ ಸಾಕು, ದಾಸ್ತಾನು ಮುಗಿದಿದೆ ಎಂದು ಕೋಶಕ್ಕೆ ತಿಳಿಯುತ್ತದೆ. ಕ್ಷಣಗಳಲ್ಲಿ ಈ ಅಣು ತುಂಬಿಕೊಂಡು ಹೊಸ ರೈಬೋಸೋಮು ಕಟ್ಟುವ ದುಬಾರಿ ಕೆಲಸವನ್ನು ನಿಲ್ಲಿಸುತ್ತದೆ. ಇರುವ ಶಕ್ತಿಯನ್ನು ರಿಪೇರಿಗೆ, ರಕ್ಷಣೆಗೆ ತಿರುಗಿಸುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿ ಅವರು ಇದೇ ಅಣುವಿನ ಬೆನ್ನು ಹತ್ತಿ ಹಲವು ವರ್ಷ ದುಡಿದರು. ಕ್ಷಯದ ಬ್ಯಾಕ್ಟೀರಿಯಾದ ನಿರುಪದ್ರವಿ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಅವರ ಅಧ್ಯಯನದ ಜೀವಿ. ಹಸಿವಾದಾಗ ಅದರಲ್ಲಿ ಡಿಪಿಎಸ್ ಎಂಬ ಪ್ರೋಟೀನು ಹೆಚ್ಚುತ್ತದೆ. ಹನ್ನೆರಡು ಸೇರಿ ಒಂದು ಟೊಳ್ಳು ಗೋಳವಾಗಿ, ಒಳಗೆ ಕಬ್ಬಿಣವನ್ನು ಬಂಧಿಸಿಟ್ಟು, ಹೊರಗೆ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕಾಯುತ್ತದೆ. ಆ ಗೋಳದ ಹರಳು ರಚನೆಯನ್ನು ಅದೇ ಸಂಸ್ಥೆಯ ಎಂ. ವಿಜಯನ್ ಅವರ ಜೊತೆಗೂಡಿ ಬಿಡಿಸಿದರು. ಇದು ಬರೀ ಕುತೂಹಲದ ಮಾತಲ್ಲ. ಕ್ಷಯದ ಬ್ಯಾಕ್ಟೀರಿಯಾ ಮನುಷ್ಯನ ಶ್ವಾಸಕೋಶದಲ್ಲಿ ಹೀಗೆಯೇ ನಿಂತು ವರ್ಷಗಟ್ಟಲೆ ಕಾಯಬಲ್ಲದು. ಬೆಳೆಯುತ್ತಿರುವ ಕೋಶಗಳನ್ನು ಹೊಡೆಯುವ ಔಷಧಿಗಳು ನಿಂತಿರುವ ಕೋಶಕ್ಕೆ ಸುಲಭವಾಗಿ ತಾಗುವುದಿಲ್ಲ. ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಬೇಕಾದ ಕಷ್ಟದ ಹಿಂದೆ ಈ ನಿಲ್ಲುವ ವಿದ್ಯೆಯೂ ಇದೆ.

ಎರಿ ಮಣ್ಣಿನ ಬಗ್ಗೆ ನನ್ನನ್ನು ಹೆಚ್ಚು ಬೆರಗುಗೊಳಿಸಿದ ವಿಷಯ ಇನ್ನೊಂದು. 1964ರಲ್ಲಿ ಆಸ್ಟ್ರೇಲಿಯಾದ ಕೆ. ಸಿ. ಮಾರ್ಷಲ್ ಒಂದು ಪ್ರಶ್ನೆ ಎತ್ತಿಕೊಂಡರು. ಅಲ್ಲಿಯ ಮರಳು ನೆಲದಲ್ಲಿ ಬೇಸಿಗೆಗೆ ಬೇರುಗಂಟಿನ ಬ್ಯಾಕ್ಟೀರಿಯಾಗಳು ಸಾಯುತ್ತಿದ್ದವು. ಆ ಮರಳಿಗೆ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಬೆರೆಸಿ ಕಾಯಿಸಿ ನೋಡಿದರೆ ಅವು ಉಳಿದವು! ನಮ್ಮ ಎರಿ ಉಬ್ಬುವುದೂ ಬಿರಿಯುವುದೂ ಇದೇ ಜಾತಿಯ ಜೇಡಿಯಿಂದ. ರೈತನ ನೇಗಿಲು ಮುರಿಯುವ, ಮಳೆಯಲ್ಲಿ ಕಾಲು ಕಚ್ಚಿ ಹಿಡಿಯುವ, ಮನೆ ಗೋಡೆ ಸೀಳುವ ಆ ಜೇಡಿಯ ಕಣಗಳೇ ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟಿ, ಸೂಜಿಮೊನೆಗಿಂತ ಸಣ್ಣ ಸಂದುಗಳಲ್ಲಿ ಅಡಗಿಸಿ ಬಿಸಿಲಿನಿಂದ ಕಾಪಾಡುತ್ತವೆ. ನಾನು ಹಿಚುಕಲಾರದೆ ಸೋತ ಆ ಹೆಂಟೆ ಒಂದು ಆಶ್ರಯಧಾಮವಾಗಿತ್ತು.

ಸಂಜೆ ಪಡುವಣದಲ್ಲಿ ಮೋಡ ಏರಿತು. ಮೊದಲು ದೂಳಿನ ಗಾಳಿ, ಆಮೇಲೆ ದಪ್ಪ ದಪ್ಪ ಹನಿ. ಅಜ್ಜನ ಗುಡಿಸಲಿನಲ್ಲಿ ನಿಂತಿದ್ದ ನಮಗೆ ಮಳೆಗಿಂತ ಮೊದಲೇ ಮಣ್ಣಿನ ಘಮ ಬಂತು. ಅಜ್ಜ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಆ ಘಮದ ಮುಖ್ಯ ಅಂಶ ಜಿಯೋಸ್ಮಿನ್. ಅದನ್ನು ತಯಾರಿಸುವುದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು, ಅದೂ ಹಸಿವಾಗಿ ಬೀಜಕ ಕಟ್ಟುವ ಹೊತ್ತಿನಲ್ಲಿ. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ಶತಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಇದರಿಂದೇನು ಲಾಭ? 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಸಿಕ್ಕಿದೆ. ಸ್ಪ್ರಿಂಗ್‌ಟೇಲ್ ಎಂಬ ಮಣ್ಣಿನ ಪುಟ್ಟ ಜೀವಿಗಳು ಈ ವಾಸನೆಗೆ ಓಡಿ ಬಂದು ಸ್ಟ್ರೆಪ್ಟೊಮೈಸಿಸ್ಸನ್ನು ತಿನ್ನುತ್ತವೆ. ಅವುಗಳ ಮೈಗೂ ಹೊಟ್ಟೆಗೂ ಅಂಟಿದ ಬೀಜಕಗಳು ಹೊಸ ಜಾಗ ಸೇರುತ್ತವೆ. ಕಾಲಿಲ್ಲದ ಜೀವ ಬೇರೆಯವರ ಕಾಲಲ್ಲಿ ನಡೆಯುತ್ತದೆ! ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದೂ ಇದೇ ಕುಲದ ಬ್ಯಾಕ್ಟೀರಿಯಾದಿಂದ.

ಮಳೆ ಸುರಿಯುತ್ತಿದ್ದಾಗ ನೆಲದೊಳಗೆ ನಡೆಯುತ್ತಿದ್ದುದನ್ನು ಊಹಿಸಿಕೊಳ್ಳುತ್ತಿದ್ದೆ. ಬೀಜಕದ ಹೊದಿಕೆಯ ಒಳಗೆ ಅಲನೀನಿನಂಥ ಪೋಷಕಾಂಶವನ್ನು ಗುರುತಿಸುವ ಗ್ರಾಹಕಗಳಿವೆ. ಗುರುತು ಸಿಕ್ಕಿದ ನಿಮಿಷಗಳಲ್ಲೇ ಕೂಡಿಟ್ಟ ಆಮ್ಲ ಹೊರಹೋಗಿ ನೀರು ಒಳನುಗ್ಗುತ್ತದೆ. ಒಂದು ಹನಿಗೆ ಮೋಸಹೋಗಿ ಎದ್ದರೆ ಮರುದಿನದ ಬಿಸಿಲಿಗೆ ಸಾವು ಖಂಡಿತ. ಹಾಗಾಗಿ ಬೀಜಕ ಲೆಕ್ಕ ಇಡುತ್ತದೆ. ವಿಜ್ಞಾನಿ ಗುರೋಲ್ ಸುಯೆಲ್ ಅವರ ತಂಡ 2022ರಲ್ಲಿ ತೋರಿಸಿದಂತೆ, ಪೋಷಕಾಂಶದ ಒಂದೊಂದು ಸುಳಿವಿಗೂ ಬೀಜಕ ತಾನು ಹಿಡಿದಿಟ್ಟ ಪೊಟ್ಯಾಸಿಯಂ ಅಯಾನುಗಳಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ಸುಳಿವುಗಳು ಸಾಕಷ್ಟು ಒಟ್ಟಾದಾಗಲೇ ಏಳುತ್ತದೆ. ಸತ್ತಂತೆ ಕಾಣುವ ಜೀವವೊಂದು ಇಷ್ಟು ಎಚ್ಚರದಿಂದ ಕಾಯುತ್ತದೆಂದರೆ ಮೈ ಜುಮ್ಮೆನ್ನುತ್ತದೆ. ಅಜ್ಜನೂ ಅಷ್ಟೇ. ಅಂಗಳ ತುಂಬ ನೀರು ನಿಂತರೂ ಬಿತ್ತಲು ಹೊರಡಲಿಲ್ಲ. "ಇದು ಮ್ಯಾಲಿನ ಮಳಿರಿ. ಇನ್ನೊಂದು ಬೀಳಲಿ, ತೇವಕ್ಕ ತೇವ ಕೂಡಲಿ" ಎಂದರು.

ತೇವ ಕೂಡಿ ಹದ ಬರುವವರೆಗೆ ನವಲಗುಂದದಲ್ಲೇ ಉಳಿದೆ. ಬಿತ್ತುವ ದಿನ ನೋಡಿದ್ದು ಇಷ್ಟು. ಅಜ್ಜನ ಸೊಸೆ ಬೆಲ್ಲದ ನೀರು ಕುದಿಸಿ ಆರಿಸಿಟ್ಟಿದ್ದರು. ನೆರಳಿನಲ್ಲಿ ತಾಡಪತ್ರಿ ಹಾಸಿ ಹೆಸರು ಕಾಳು ಸುರುವಿ, ಬೆಲ್ಲದ ನೀರು ಚಿಮುಕಿಸಿ, ರೈಜೋಬಿಯಂ ಪೊಟ್ಟಣ ಒಡೆದು ಎರಡೂ ಕೈಯಿಂದ ಹಗುರಾಗಿ ಹೊರಳಿಸಿದರು. ಹಸಿರು ಕಾಳುಗಳ ಮೇಲೆಲ್ಲ ಕಪ್ಪು ಪುಡಿ ಕೂತಿತು. "ಬಿಸಲಿಗೆ ಇಡಬಾರ್ದ್ರಿ, ಸಾಯ್ತಾವಂತ" ಎಂದು ಅವರೇ ನನಗೆ ಹೇಳಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಸೀಮೆಯ ರೈತರಿಗೆ ಹೇಳಿಕೊಟ್ಟ ಪಾಠವಿದು. ನೆಲದಲ್ಲಿ ಉಳಿದವರ ಜೊತೆಗೆ ಹೊಸಬರೂ ಹೀಗೆ ಬೀಜದ ಬೆನ್ನೇರಿ ಕೂರಿಗೆಯ ತಾಳಿನಿಂದ ಎರಿಗಿಳಿದರು.

ಹೆಸರು ಹೂ ಬಿಡುವ ಹೊತ್ತಿಗೆ ಮತ್ತೆ ಯಮನೂರಿಗೆ ಹೋದೆ. ಅದೇ ಹೊಲವೇ ಎಂದು ನಂಬಲು ಕಷ್ಟವಾಗುವಷ್ಟು ಹಸಿರು. ಅಜ್ಜ ಸಲಿಕೆಯಿಂದ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಅಲುಗಿಸಿದರು. ಬೇರಿನುದ್ದಕ್ಕೂ ದುಂಡು ದುಂಡು ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಮಾಂಸದ ಕೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್ನಿನ ಬಣ್ಣವದು. ಆಮ್ಲಜನಕವನ್ನು ಅಳತೆಯಲ್ಲಿ ಕೊಡುತ್ತ, ಸಾರಜನಕ ಹಿಡಿಯುವ ಕಿಣ್ವ ಕೆಡದಂತೆ ನೋಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಉಪವಾಸವಿದ್ದವರು ಈಗ ಗಿಡದ ಸಕ್ಕರೆ ಉಣ್ಣುತ್ತ ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತಿದ್ದರು. ಅಷ್ಟರಲ್ಲೂ ನಾಳೆಯನ್ನು ಮರೆತಿರಲಿಲ್ಲ. ಹೆಸರಿನ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ತಮ್ಮ ಮೈಯೊಳಗೆ ಪಿಎಚ್‌ಬಿ ಎಂಬ ಕೊಬ್ಬಿನಂಥ ವಸ್ತುವಿನ ಕಣಗಳನ್ನು ತುಂಬಿಕೊಳ್ಳುತ್ತವೆ. ಕಾಳು ಬಲಿತು ಗಂಟು ಕೊಳೆತಾಗ ಅವು ಆ ಬುತ್ತಿಯೊಂದಿಗೆ ಮತ್ತೆ ಮಣ್ಣಿಗಿಳಿಯುತ್ತವೆ, ಮುಂದಿನ ಬೇಸಿಗೆ ಎದುರಿಸಲು.

ಅಜ್ಜ ಸೀಳಿದ ಗಂಟನ್ನು ತಮ್ಮ ಅಂಗೈಗೆ ಹಾಕಿಕೊಂಡು ಕಣ್ಣಿನ ಹತ್ತಿರ ಹಿಡಿದರು. "ಅಂದ್ರ ಗಿಡ ಕಿತ್ತರ ಇವೂ ಹೊಲ ಬಿಟ್ಟು ಹೋಗ್ತಾವು" ಎಂದರು.

"ಹೌದ್ರಿ. ಬೇರು ಹೊಲದಾಗ ಇದ್ರ ಇವೂ ಇರ್ತಾವು. ಕಾಳಿನ ಬೆಳಿ ಬಿಡಬ್ಯಾಡ್ರಿ, ಹೊಟ್ಟು ಸುಡಬ್ಯಾಡ್ರಿ. ಉಳದದ್ದು ಅವು ನೋಡಿಕೊಳ್ತಾವು."

ಅವರು ಸೊಸೆಯನ್ನು ಕೂಗಿ ಕರೆದರು. "ಈ ಸಲ ಹೆಸರು ಕೀಳೂದು ಬ್ಯಾಡವಾ, ಕುಡಗೋಲ್ಲೆ ಕೊಯ್ಯೂಣು" ಎಂದು, ಆ ಕೆಂಪು ಗಂಟನ್ನು ಅವರ ಕೈಗಿತ್ತು, ನಾನು ಹೇಳಿದ್ದನ್ನೆಲ್ಲ ಮೊದಲಿನಿಂದ ತಮ್ಮದೇ ಮಾತಿನಲ್ಲಿ ಹೇಳತೊಡಗಿದರು.